ಬಚ್ಚಲ ಕಿಟಕಿಗೊಂದು ಇಳಿಜಾರು

ಸಾಗರದ ಕಡೆಯ ಹಳೇ ಹೆಂಚಿನ ಮನೆ. ಬಚ್ಚಲ ಬಾಗಿಲು ದೂಡಿದರೆ ಸೋಪಿನ ಘಮದ ಬೆನ್ನಿಗೇ ಅಣಬೆಯಂಥ ಹಸಿ ವಾಸನೆ ಮೂಗಿಗೆ ತಾಗುತ್ತದೆ. ಇಬ್ಬರು ನಿಂತರೆ ಮೊಣಕೈ ಬಡಿಯುವಷ್ಟು ಜಾಗ. ಹಂಡೆಯೊಲೆ ಇದ್ದ ಮೂಲೆಯಲ್ಲೀಗ ಶವರು. ಅದರ ಮಗ್ಗುಲಿಗೇ ಅಜ್ಜನ ಕಾಲದ ಹಲಸಿನ ಮರದ ಕಿಟಕಿ. ಚೊಂಬಿನಲ್ಲಿ ಮೊಗೆದು ಮೀಯುತ್ತಿದ್ದ ದಿನಗಳಲ್ಲಿ ಅದಕ್ಕೆ ಸಿಡಿಯುತ್ತಿದ್ದದ್ದು ನಾಲ್ಕು ಹನಿ. ಅದನ್ನೂ ಒಲೆಯ ಬಿಸಿ ಸಂಜೆಯೊಳಗೆ ಹೀರಿಬಿಡುತ್ತಿತ್ತು. ಈಗ ಮನೆಯಲ್ಲಿ ಎಷ್ಟು ಜನವೋ ಕಿಟಕಿಗೆ ದಿನಕ್ಕೆ ಅಷ್ಟು ಮಳೆ.

ಆಚಾರಿ ಕುಕ್ಕರಗಾಲಲ್ಲಿ ಕೂತು ಉಳಿಯ ಹಿಡಿಯಿಂದ ಚೌಕಟ್ಟನ್ನು ತಟ್ಟುತ್ತಾ ಬರುತ್ತಾರೆ. ಮೇಲೆಲ್ಲ ಟಕ್ ಟಕ್. ಕೆಳಮೂಲೆಗೆ ಬಂದಾಗ ಸದ್ದು ಮಂಕಾಗುತ್ತದೆ. ಉಳಿ ತಿರುಗಿಸಿ ಒತ್ತಿದರೆ ನೆನೆದ ರಸ್ಕಿಗೆ ಚುಚ್ಚಿದಂತೆ ಒಳಗಿಳಿಯುತ್ತದೆ. ‘ಕುಂಬಾಗಿದೆ’ ಎನ್ನುತ್ತಾ, ಹೋದ ವರ್ಷ ಮನೆಯವರೇ ಮೊಳೆ ಹೊಡೆದು ಬಿಗಿದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ತೋರಿಸುತ್ತಾರೆ. ಅದರ ಹಿಂಬದಿಯಲ್ಲಿ ಇನ್ನೂ ನೀರಿನ ಮಣಿಗಳು. ಮೊಳೆತೂತಿನಲ್ಲಿ ನುಸುಳಿದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಮರ ನೆಂದು ಒಣಗಿದರೆ ಬದುಕುತ್ತದೆ. ಅದರ ತೇವ ಒಣತೂಕದ ಶೇ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ನೆಲೆಯಿಲ್ಲ.

ಕುಂಬು ಭಾಗ ಕೊಯ್ದು, ಒಣ ತುಂಡು ಕೂರಿಸಿ, ಕೀಸುಳಿ ಹಾಯಿಸುತ್ತಿದ್ದಂತೆ ಹಳದಿ ಸುರುಳಿಗಳು ನೆಲಕ್ಕೆ ಉದುರುತ್ತವೆ. ಅಗಲ ಮೈಗೆ ಒಂದು ಕೈ ಪ್ರೈಮರ್ ಬಳಿದವರು ಕೊಯ್ದ ತುದಿಗೆ ಮಾತ್ರ ಮೂರು ಸಲ ಬ್ರಷ್ ಅದ್ದುತ್ತಾರೆ. ಬೇರಿನಿಂದ ನೀರೆಳೆಯುತ್ತಿದ್ದ ಎಳೆಗಳ ಬಾಯಿ ಅಲ್ಲಿ ತೆರೆದೇ ಇರುತ್ತದೆ. ಮರ ಹೆಚ್ಚು ನೀರು ಕುಡಿಯುವುದು ಆ ಬಾಯಿಂದಲೇ. ಪ್ರೈಮರ್ ಒಣಗಿದ ಮೇಲೆ ಎರಡು ಕೈ ಎನಾಮಲ್. ಹೆಂಚುಬಿಲ್ಲೆಗೂ ಚೌಕಟ್ಟಿಗೂ ನಡುವಿನ ಸಂದಿಗೆ ಸಿಲಿಕೋನ್.

ಆದರೆ ಅವರ ಕೈ ಹೆಚ್ಚು ಹೊತ್ತು ಆಡಿದ್ದು ಕಿಟಕಿಯ ಕೆಳಹಲಗೆಯ ಮೇಲೆ. ಒಳಬದಿಗೆ ಬೆರಳಗಲದಷ್ಟು ಇಳಿಜಾರು ಕೊಟ್ಟು, ಗೋಡೆಯಿಂದಾಚೆ ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಸಣ್ಣ ತೋಡು ಕೊರೆದರು. ಅಡಿಗೆ ಅಂಟಿಕೊಂಡು ಗೋಡೆಯತ್ತ ತೆವಳುವ ಹನಿ ಆ ತೋಡು ದಾಟಲಾರದೆ ಅಲ್ಲೇ ಕಳಚಿ ಬೀಳುತ್ತದೆ. ಶವರಿನ ಪರದೆಯನ್ನೂ ಕಿಟಕಿಯಿಂದ ಗೇಣು ದೂರಕ್ಕೆ ಕಟ್ಟಿಸಿದರು, ನಡುವೆ ಗಾಳಿಯಾಡಲೆಂದು.

ಬಣ್ಣ ಒಣಗಿದ ನಾಲ್ಕನೇ ದಿನ ಮೊದಲ ಸ್ನಾನ. ಅಜ್ಜಿ ತಲೆಗೆ ಪಂಚೆ ಸುತ್ತಿಕೊಂಡೇ ಪರದೆ ಸರಿಸಿ, ಕಿಟಕಿಯ ಬಾಗಿಲು ತಳ್ಳುತ್ತಾರೆ. ಹಬೆ ಅಡಿಕೆತೋಟದ ಕಡೆಗೆ ಹೊರಡುತ್ತದೆ. ಹಲಗೆಯ ಮೇಲೆ ಉಳಿದ ಹನಿಗಳು ಜಾರಿ, ಅಂಚಿನಲ್ಲಿ ಒಂದು ಕ್ಷಣ ತೂಗಾಡಿ, ಟಪ್ ಎಂದು ಬಚ್ಚಲಗಲ್ಲಿಗೇ ಮರಳುತ್ತವೆ.