ಸುರುಳಿ ಹಲ್ಲಿನ ಮೀನು

ಶಾರ್ಕನ್ನೋ ತೊರಕೆಯನ್ನೋ ಕೊಯ್ಯುವುದನ್ನು ನಮ್ಮಲ್ಲಿ ಅನೇಕರು ನೋಡಿರುತ್ತೇವೆ. ಬೇರೆ ಮೀನುಗಳಲ್ಲಿರುವಂಥ ಗಟ್ಟಿ ಎಲುಬುಗಳು ಅವುಗಳಲ್ಲಿಲ್ಲ. ನಮ್ಮ ಕಿವಿಯನ್ನು ಮಡಚಿದರೆ ಬಾಗುವ ಭಾಗವಿದೆಯಲ್ಲವೆ? ಅದು ಮೃದ್ವಸ್ಥಿ. ಈ ಮೀನುಗಳ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯಿಂದಲೇ ಆದುದು. ಮೀನು ಸತ್ತ ಮೇಲೆ ಅದು ಸಾಮಾನ್ಯವಾಗಿ ಕೊಳೆತುಹೋಗಿ ಹಲ್ಲುಗಳು ಮಾತ್ರ ಉಳಿಯುತ್ತವೆ. ಆದುದರಿಂದ ಪ್ರಾಚೀನ ಕಾಲದ ಇಂಥ ಮೀನುಗಳ ಚರಿತ್ರೆಯನ್ನು ನಾವು ಹೆಚ್ಚಾಗಿ ಹಲ್ಲುಗಳಿಂದಲೇ ತಿಳಿಯಬೇಕಾಗಿದೆ.

ಹೀಗೆ ತಿಳಿಯಹೊರಟ ವಿದ್ವಾಂಸರನ್ನು ಬಹುಕಾಲ ಕಾಡಿದ ಮೀನು ಹೆಲಿಕೋಪ್ರಿಯಾನ್. ಸುಮಾರು 27 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಹುಟ್ಟುವುದಕ್ಕೂ ಮೊದಲು, ಅದು ಸಮುದ್ರದಲ್ಲಿ ಬಾಳಿತ್ತು. 1899ರಲ್ಲಿ ರಷ್ಯದ ಭೂವಿಜ್ಞಾನಿ ಕಾರ್ಪಿನ್‌ಸ್ಕಿಯವರು ಯೂರಲ್ ಪ್ರದೇಶದ ಪಳೆಯುಳಿಕೆಯೊಂದನ್ನು ಪರೀಕ್ಷಿಸಿ ಈ ಹೆಸರನ್ನಿಟ್ಟರು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಸುರುಳಿ ಗರಗಸ’ ಎಂದು ಅರ್ಥ. ಅವರ ಕೈಗೆ ಸಿಕ್ಕಿದ್ದು ಚಕ್ಕುಲಿಯಂತೆ ಸುತ್ತಿಕೊಂಡ ಹಲ್ಲುಗಳ ಸಾಲು.

ಈ ಸುರುಳಿ ಮೀನಿನ ಮೈಯಲ್ಲಿ ಎಲ್ಲಿತ್ತು? ಮೂತಿಯಿಂದ ಮೇಲಕ್ಕೆ ಸುತ್ತಿಕೊಂಡಿತ್ತೆಂದು ಕಾರ್ಪಿನ್‌ಸ್ಕಿ ಊಹಿಸಿದರು. ಬೆನ್ನಿನ ರೆಕ್ಕೆಯಲ್ಲಿತ್ತು, ಬಾಲದಲ್ಲಿತ್ತು ಎಂಬ ಊಹೆಗಳೂ ಬಂದವು.

1950ರಲ್ಲಿ ಅಮೆರಿಕದ ಇಡಾಹೊ ರಾಜ್ಯದ ಫಾಸ್ಫೇಟ್ ಗಣಿಯೊಂದರಲ್ಲಿ 117 ಹಲ್ಲುಗಳ ಸುರುಳಿಯೊಡನೆ ದವಡೆಯ ಮೃದ್ವಸ್ಥಿಯೂ ಉಳಿದಿದ್ದ ಕಲ್ಲು ದೊರೆಯಿತು. ಇಂದು ಬೆಟ್ಟಗುಡ್ಡಗಳಿರುವ ಆ ನಾಡು ಅಂದು ಕಡಲ ತಳವಾಗಿತ್ತು! 1966ರಲ್ಲಿ ಬೆಂಡಿಕ್ಸ್ ಆಲ್ಮ್‌ಗ್ರೀನ್ ಎಂಬವರು ಸುರುಳಿ ಕೆಳದವಡೆಯದೆಂದು ತಿಳಿಸಿದರು. 2013ರಲ್ಲಿ ಅದೇ ಕಲ್ಲನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗ ಆ ಮಾತು ದೃಢವಾಯಿತು. ಮೀನು ಶಾರ್ಕಿಗಿಂತ ಕೈಮೀರಾ ಎಂಬ ಆಳಸಮುದ್ರದ ಮೀನಿಗೆ ಹತ್ತಿರದ ನೆಂಟನೆಂದೂ ತಿಳಿಯಿತು.

ಹೊಸ ಹಲ್ಲುಗಳು ಹಿಂದೆ ಹುಟ್ಟಿದಂತೆ ಹಳೆಯವು ಉದುರದೆ ಸುರುಳಿಯೊಳಕ್ಕೆ ಸರಿಯುತ್ತಿದ್ದವು. ಆದ್ದರಿಂದ ನಡುವಿನಲ್ಲಿರುವ ಚಿಕ್ಕ ಹಲ್ಲುಗಳು ಮರಿಯಾಗಿದ್ದಾಗಿನವು. ಬಾಯಿ ಮುಚ್ಚುವಾಗ ಹಲ್ಲುಗಳು ಹಿಂದಕ್ಕೆ ಚಲಿಸಿ ಬೇಟೆಯನ್ನು ಕೊಯ್ದು ಒಳಗೆಳೆಯುತ್ತಿದ್ದವು. ಹಲ್ಲುಗಳು ಹೆಚ್ಚು ಸವೆಯದಿರುವುದರಿಂದ, ಅದರ ಆಹಾರ ಮೆತ್ತನೆಯ ಮೈಯ ಜೀವಿಗಳಾಗಿದ್ದಿರಬೇಕೆಂದು ವಿಜ್ಞಾನಿಗಳ ಅಭಿಪ್ರಾಯ.

ಮೊದಲು ಊಹಿಸಿದವರು ದಡ್ಡರಲ್ಲ. ಇದ್ದಷ್ಟು ಆಧಾರದಿಂದ ಯೋಚಿಸಿದರು. ಅನಂತರದವರು ಹೊಸ ಆಧಾರ ಸಿಕ್ಕಾಗ ತಿದ್ದಿದರು. ಲೆಕ್ಕ ತಪ್ಪಿದಾಗ ಹಾಳೆಯನ್ನು ಹರಿದೆಸೆಯುವ ನಾವು, 63 ವರ್ಷ ಜೋಪಾನವಾಗಿದ್ದು ಸತ್ಯ ಹೇಳಿದ ಆ ಕಲ್ಲನ್ನು ನೆನೆಯೋಣ.