ಬೆರಳಿಗೆ ಗೊತ್ತು, ಎದೆಗೂ ಗೊತ್ತಾಗಬೇಕು!

ಇ-ಸ್ಪೋರ್ಟ್ಸ್ ಬಗ್ಗೆ ಯಾವಾಗ ಮಾತಾಡಿದರೂ ನನಗೆ ಎರಡು ಥರದ ಫೋನ್ ಬರುತ್ತವೆ. ಒಂದು ಅಪ್ಪ-ಅಮ್ಮಂದಿರದ್ದು. ‘ಸಾರ್, ಮೊದಲೇ ಮಕ್ಕಳು ಮೊಬೈಲ್ ಬಿಡಲ್ಲ, ನೀವು ಬೇರೆ ಅದನ್ನ ಕ್ರೀಡೆ ಅಂತೀರಿ!’ ಇನ್ನೊಂದು ಮಕ್ಕಳದ್ದು. ಅದರಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತೆ. ‘ಸಾರ್, ಮನೇಲಿ ಆಡುವಾಗ ಚೆನ್ನಾಗೇ ಆಡ್ತೀನಿ. ಟೂರ್ನಮೆಂಟ್ ಶುರುವಾದ್ರೆ ಕೈ ಬೆವರುತ್ತೆ, ಬೆರಳು ಓಡಲ್ಲ. ನನಗೇನಾಗಿದೆ?’

ನಿನಗೇನೂ ಆಗಿಲ್ಲಪ್ಪ. ಆ ಬೆವರು ಎಲ್ಲರಿಗೂ ಬರುತ್ತೆ. ಸ್ಟುಡಿಯೋದಲ್ಲಿ ಕ್ಯಾಮೆರಾದ ಕೆಂಪು ದೀಪ ಹತ್ತಿದಾಗ ನನಗೂ ಬರುತ್ತೆ. ಆದರೆ ಅದನ್ನು ಇಟ್ಟುಕೊಂಡೇ ಆಡೋದು ಹೇಗೆ ಅನ್ನೋದನ್ನು ಕಲಿಯಬಹುದು. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಇದು ಮಕ್ಕಳಾಟದ ವಿಷಯ ಅಂತ ಪುಟ ತಿರುಗಿಸಬೇಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. ಗುಜರಾತಿನ ತೀರ್ಥ್ ಮೆಹ್ತಾ ಅಲ್ಲಿ ‘ಹಾರ್ತ್‌ಸ್ಟೋನ್’ ಎಂಬ ಕಾರ್ಡ್ ಆಟದಲ್ಲಿ ಕಂಚು ಗೆದ್ದರು. ಹಾಂಗ್‌ಝೌ ಏಷ್ಯನ್ ಗೇಮ್ಸ್ ಹೊತ್ತಿಗೆ ಅದು ಅಧಿಕೃತ ಪದಕದ ಕ್ರೀಡೆಯೇ ಆಯ್ತು. 2022ರ ಡಿಸೆಂಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಜೂಜಿಗೂ ಇದಕ್ಕೂ ಸಂಬಂಧವಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡಿನ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಈ ವ್ಯತ್ಯಾಸ ಮೊದಲು ಮನಸ್ಸಿನಲ್ಲಿರಲಿ.

ಈಗ ಆತ್ಮವಿಶ್ವಾಸಕ್ಕೆ ಬರೋಣ. ಹಾಗಂದರೇನು? ಕನ್ನಡಿ ಮುಂದೆ ನಿಂತು ‘ನಾನೇ ಗೆಲ್ಲೋದು’ ಅಂತ ಹತ್ತು ಸಲ ಹೇಳಿಕೊಳ್ಳೋದಾ? ವಿರಾಟನ ಮಗ ಉತ್ತರಕುಮಾರನೂ ಅಂತಃಪುರದಲ್ಲಿ ಹಾಗೇ ಹೇಳಿಕೊಂಡಿದ್ದ. ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದ ಹಾರಿ ಓಡಿದ. ಉತ್ತರನ ಪೌರುಷ ಒಲೆ ಮುಂದೆ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ. ಅವನಲ್ಲಿ ಮಾತಿಗೆ ಕೊರತೆ ಇರಲಿಲ್ಲ. ಮಾತಿನ ಹಿಂದೆ ಇರಬೇಕಾದ ಪುರಾವೆ ಇರಲಿಲ್ಲ, ಅಷ್ಟೇ. ಮನಸ್ಸು ಬಹಳ ಚಾಲಾಕಿ ಸ್ವಾಮಿ. ಅದು ಘೋಷಣೆಯನ್ನು ನಂಬಲ್ಲ, ಸಾಕ್ಷಿ ಕೇಳುತ್ತೆ.

ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಇದನ್ನು ಬಿಡಿಸಿ ಹೇಳಿದ್ದ. ‘ಈ ಕೆಲಸ ನನ್ನಿಂದ ಆಗುತ್ತೆ’ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತೆ ಅಂದ. ಒಂದು, ನಾನೇ ಮಾಡಿ ನೋಡಿದ ಅನುಭವ. ಎರಡು, ನನ್ನಂಥವನೇ ಮಾಡಿದ್ದನ್ನು ಕಂಡದ್ದು. ಮೂರು, ನಂಬುವ ಜನ ಆಡಿದ ಮಾತು. ನಾಲ್ಕು, ಆ ಹೊತ್ತಿಗೆ ನನ್ನ ದೇಹ ಹೇಗಿದೆ ಅನ್ನೋದು. ಇವುಗಳಲ್ಲಿ ಮೊದಲನೆಯದಕ್ಕೇ ತೂಕ ಜಾಸ್ತಿ. ಗೇಮಿಂಗ್ ಲೋಕದಲ್ಲಿ ಈ ನಾಲ್ಕೂ ಹೇಗೆ ಕೆಲಸ ಮಾಡುತ್ತವೆ, ಒಂದೊಂದಾಗಿ ನೋಡೋಣ.

ಮೊದಲನೆಯದು, ಮಾಡಿ ನೋಡಿದ ಅನುಭವ. 2004ನೇ ಇಸವಿ, ಅಮೆರಿಕದ ಕ್ಯಾಲಿಫೋರ್ನಿಯಾ. ‘ಇವೋ’ ಎಂಬ ಫೈಟಿಂಗ್ ಗೇಮ್ ಟೂರ್ನಮೆಂಟ್. ಆಟ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’. ಜಪಾನಿನ ದೈಗೋ ಉಮೆಹಾರಾ ಎದುರು ಅಮೆರಿಕದ ಜಸ್ಟಿನ್ ವಾಂಗ್. ದೈಗೋನ ಪಾತ್ರಕ್ಕೆ ಜೀವ ಉಳಿದಿದ್ದು ಕೂದಲೆಳೆಯಷ್ಟು. ಸುಮ್ಮನೆ ಕೈ ಅಡ್ಡ ಹಿಡಿದು ತಡೆದರೂ ಆ ಒಂಚೂರು ಜೀವ ಹೋಗುತ್ತಿತ್ತು. ವಾಂಗ್ ತನ್ನ ದೊಡ್ಡ ಅಸ್ತ್ರವನ್ನೇ ಬಿಟ್ಟ. ಸಾಲಾಗಿ 15 ಒದೆ! ಬದುಕಲು ಇದ್ದದ್ದು ಒಂದೇ ದಾರಿ. ಪ್ರತಿ ಒದೆ ತಾಗುವ ಆ ಕ್ಷಣಕ್ಕೇ ಸರಿಯಾಗಿ ಸ್ಟಿಕ್ ಅನ್ನು ಎದುರಾಳಿಯ ಕಡೆಗೆ ತಳ್ಳಬೇಕು. ಹೆದರಿ ಹಿಂದೆ ಎಳೆದರೆ ಕಥೆ ಮುಗಿಯಿತು. ಅದೂ ಮೊದಲ ಒದೆಯನ್ನು ಕಣ್ಣಿಂದ ನೋಡಿ ತಡೆಯೋಣ ಅಂದರೆ ಹೊತ್ತು ಮೀರಿರುತ್ತೆ, ಮೊದಲೇ ಊಹಿಸಬೇಕು. ದೈಗೋ ಹದಿನೈದನ್ನೂ ತಡೆದ. ತಿರುಗಿಸಿ ಹೊಡೆದು ಆ ಸುತ್ತು ಗೆದ್ದ. ಅಲ್ಲಿದ್ದ ಜನ ಕುರ್ಚಿ ಬಿಟ್ಟು ಎದ್ದು ಕೂಗಿದ ವಿಡಿಯೋವನ್ನು ಇವತ್ತಿಗೂ ಜನ ನೋಡುತ್ತಾರೆ.

ಇದನ್ನು ಧೈರ್ಯ ಅಂತ ಕರೀತೀರಾ, ಅಭ್ಯಾಸ ಅಂತ ಕರೀತೀರಾ? ಎರಡೂ ಒಂದೇ ಅಂತೀನಿ ನಾನು. ಗರಡಿಮನೆಯಲ್ಲಿ ಅದೇ ಪಟ್ಟನ್ನು ನೂರು ಸಲ ಹಾಕಿದ ಪೈಲ್ವಾನನಿಗೆ ಅಖಾಡದಲ್ಲಿ ಯೋಚನೆ ಮಾಡೋ ಅಗತ್ಯ ಬೀಳಲ್ಲ. ಹಾಗಾಗಿ ಗೇಮಿಂಗ್ ಹುಡುಗರಿಗೆ ನನ್ನ ಮಾತು ಇಷ್ಟು. ‘ಇವತ್ತು ಎಂಟು ಗಂಟೆ ಆಡಿದೆ’ ಅನ್ನೋದು ಲೆಕ್ಕಕ್ಕೆ ಬರಲ್ಲ. ‘ಇವತ್ತು ಇದೊಂದನ್ನು ಕಲಿತೆ’ ಅನ್ನೋದು ಬರುತ್ತೆ. ಒಂದು ನೋಟ್‌ಬುಕ್ ಇಡಿ. ಯಾವುದನ್ನು ಅಭ್ಯಾಸ ಮಾಡಿದೆ, ಹತ್ತರಲ್ಲಿ ಎಷ್ಟು ಸಲ ಸರಿಯಾಯ್ತು, ಬರೆದಿಡಿ. ಮೊದಲ ವಾರ ಮೂರು, ಆಮೇಲೆ ಐದು, ಆಮೇಲೆ ಎಂಟು. ಮ್ಯಾಚಿಗೆ ಮುಂಚೆ ಮನಸ್ಸು ‘ನಿನ್ನ ಕೈಲಾಗುತ್ತಾ?’ ಅಂತ ಕೇಳಿದಾಗ ಆ ಪುಟ ತೆಗೆದು ತೋರಿಸಿ. ಅದೇ ನಿಮ್ಮ ಸಾಕ್ಷಿ.

ಎರಡನೆಯದು, ನಮ್ಮಂಥವರನ್ನು ನೋಡೋದು. ‘ಡೋಟಾ 2’ ಆಟದ ಅತಿ ದೊಡ್ಡ ಟೂರ್ನಮೆಂಟ್ ‘ದಿ ಇಂಟರ್‌ನ್ಯಾಷನಲ್’. 2018ರಲ್ಲಿ ಅದು ಶುರುವಾಗೋಕೆ ಕೆಲವೇ ತಿಂಗಳಿದ್ದಾಗ ‘ಓಜಿ’ ಎಂಬ ಟೀಮ್‌ನ ಇಬ್ಬರು ಆಟಗಾರರು ಬೇರೆ ಟೀಮಿಗೆ ಹೋದರು. ಉಳಿದವರು ಕೋಚ್ ಆಗಿದ್ದ ಸೆಬಾಸ್ಟಿಯನ್ ಡೆಬ್ಸ್ ಅವರನ್ನೇ ಆಟಗಾರನಾಗಿ ಕೂರಿಸಿದರು. ದೊಡ್ಡ ವೇದಿಕೆಯ ಅನುಭವ ಅಷ್ಟಾಗಿ ಇಲ್ಲದ ಫಿನ್ಲೆಂಡಿನ ಟೋಪ್ಸನ್ ಎಂಬ ಹುಡುಗನನ್ನು ಕರೆದರು. ನೇರ ಪ್ರವೇಶ ಸಿಗಲಿಲ್ಲ. ಯಾರು ಬೇಕಾದರೂ ಆಡಬಹುದಾದ ಓಪನ್ ಅರ್ಹತಾ ಸುತ್ತಿನಿಂದ ಹತ್ತಿ ಬಂದರು. ವ್ಯಾಂಕೂವರ್‌ನ ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ಎದುರು 1-2ರಿಂದ ಹಿಂದೆ ಬಿದ್ದು, 3-2ರಲ್ಲಿ ಗೆದ್ದರು. ಮರುವರ್ಷ ಶಾಂಘೈನಲ್ಲಿ ಅದೇ ಐವರು ಮತ್ತೆ ಗೆದ್ದರು. ಗೆದ್ದವರ ಟ್ರೋಫಿ ನೋಡಿ ಕಣ್ಣರಳಿಸೋದರಲ್ಲಿ ಲಾಭವಿಲ್ಲ. ಅವರು ಯಾವ ಬಾಗಿಲಿಂದ ಒಳಗೆ ಬಂದರು ಅನ್ನೋದನ್ನು ನೋಡಿ. ಆ ಬಾಗಿಲು ನಿಮಗೂ ತೆರೆದಿರಬಹುದು.

ಮೂರನೆಯದು ಮಾತು. ಐದು ಜನ ಹೆಡ್‌ಫೋನ್ ಹಾಕಿಕೊಂಡು ಆಡುವಾಗ ಕಿವಿಗೆ ಬೀಳುವ ಮಾತೇ ಅರ್ಧ ಆಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಹುಡುಗರ ಪಟ್ಟಿ ಇನ್ನೂ ಉದ್ದ. ನೆಟ್‌ವರ್ಕ್ ಸರಿ ಇಲ್ಲ, ಫೋನ್ ಹ್ಯಾಂಗ್ ಆಯ್ತು, ಜೊತೆಗಾರ ದಂಡ. ಇದರಲ್ಲಿ ಒಂದೊಂದು ಸಲ ನಿಜವೂ ಇರಬಹುದು. ಆದರೆ ಮ್ಯಾಚ್ ನಡುವೆ ಅದನ್ನು ಹೇಳಿ ಏನು ಪ್ರಯೋಜನ? ‘ಯಾಕೋ ಹೀಗೆ ಮಾಡ್ದೆ’ ಅನ್ನೋದು ಕಳೆದುಹೋದ ಕ್ಷಣದ ಮಾತು. ‘ಎಡಗಡೆ ನೋಡ್ಕೋ, ನಾನು ಹಿಂದೆ ಇದ್ದೀನಿ’ ಅನ್ನೋದು ಮುಂದಿನ ಕ್ಷಣದ ಮಾತು. ಆಡುವಾಗ ಎರಡನೆಯದು ಮಾತ್ರ ಇರಲಿ. ಪೋಸ್ಟ್‌ಮಾರ್ಟಂ ಎಲ್ಲ ಆಟ ಮುಗಿದ ಮೇಲೆ.

ನಾಲ್ಕನೆಯದು ದೇಹ. ಇದನ್ನೇ ನಮ್ಮ ಹುಡುಗರು ಮರೆಯೋದು. ಡೆನ್ಮಾರ್ಕಿನ ‘ಆಸ್ಟ್ರಾಲಿಸ್’ ಎಂಬ ‘ಕೌಂಟರ್ ಸ್ಟ್ರೈಕ್’ ಟೀಮಿಗೆ ಒಂದು ಕಾಲದಲ್ಲಿ ಕೆಟ್ಟ ಹೆಸರಿತ್ತು. ಆಟ ಬರುತ್ತೆ, ಆದರೆ ದೊಡ್ಡ ಪಂದ್ಯದಲ್ಲಿ ಕೈಕಾಲು ತಣ್ಣಗಾಗುತ್ತೆ ಅನ್ನೋ ಹೆಸರು. 2016ರಲ್ಲಿ ಅವರು ಫಿನ್ಲೆಂಡಿನ ಕ್ರೀಡಾ ಮನಶ್ಶಾಸ್ತ್ರಜ್ಞೆ ಮಿಯಾ ಸ್ಟೆಲ್‌ಬರ್ಗ್ ಅವರ ನೆರವು ಪಡೆದರು. ಹೊಸ ನಾಯಕನೂ ಬಂದ. 2017ರ ಜನವರಿಯಲ್ಲಿ ಅಟ್ಲಾಂಟಾ ಮೇಜರ್ ಫೈನಲ್. ಎದುರಾಳಿ ಪೋಲೆಂಡಿನ ವರ್ಟಸ್ ಪ್ರೊ. ಕೊನೆಯ ಮ್ಯಾಪ್, 16-14. ಮೊದಲು ಹದಿನಾರು ಸುತ್ತು ಗೆದ್ದವರದ್ದು ಮ್ಯಾಪ್ ಅನ್ನೋ ನಿಯಮ ಆಗ ಇದ್ದ ಆಟದಲ್ಲಿ ಇದಕ್ಕಿಂತ ಬಿಗಿಯಾದ ಗೆಲುವು ಅಪರೂಪ. ತಣ್ಣಗಾಗ್ತಾರೆ ಅನ್ನಿಸಿಕೊಂಡವರೇ ಗೆದ್ದರು. 2018 ಮತ್ತು 2019ರಲ್ಲಿ ಸತತ ಮೂರು ಮೇಜರ್‌ಗಳನ್ನೂ ಬಾಚಿಕೊಂಡರು.

‘ಆಟಕ್ಕೂ ಮನಶ್ಶಾಸ್ತ್ರಜ್ಞರು ಬೇಕಾ?’ ಅಂತ ಕೇಳಬೇಡಿ. 2011ರಲ್ಲಿ ನಾವು ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಪ್ಯಾಡಿ ಅಪ್ಟನ್ ಟೀಮಿನ ಜೊತೆಗಿದ್ದರು. ಅವರ ಕೆಲಸ ಇದೇ, ಮನಸ್ಸಿನ ತಯಾರಿ. 2024ರಲ್ಲಿ ನಮ್ಮ ಗುಕೇಶ್ ವಿಶ್ವ ಚೆಸ್ ಕಿರೀಟಕ್ಕೆ ಆಡಿದಾಗಲೂ ಅದೇ ಅಪ್ಟನ್ ಜೊತೆಗಿದ್ದರು. ಸಿಂಗಪುರದಲ್ಲಿ ಗುಕೇಶ್ ಮೊದಲ ಆಟವನ್ನೇ ಸೋತಿದ್ದರು, ನೆನಪಿದೆಯಾ? ಹದಿನಾಲ್ಕನೇ ಆಟ ಮುಗಿದಾಗ ಚಾಂಪಿಯನ್ ಆಗಿದ್ದರು.

ಎದೆ ಡವಡವ ಅನ್ನೋದು ಸೋಲಿನ ಸೂಚನೆ ಅಲ್ಲ. ‘ಏನೋ ಮುಖ್ಯವಾದದ್ದು ನಡೀತಿದೆ, ರೆಡಿಯಾಗು’ ಅಂತ ದೇಹ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತಿರುತ್ತೆ. ಅದನ್ನು ಭಯ ಅಂತ ಓದಿಕೊಂಡರೆ ಬೆರಳು ನಡುಗುತ್ತೆ, ತಯಾರಿ ಅಂತ ಓದಿಕೊಂಡರೆ ಅದೇ ಬೆರಳು ಓಡುತ್ತೆ. ಮ್ಯಾಚಿಗೆ ಮುಂಚೆ ಮೆಲ್ಲಗೆ ಉಸಿರು ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಐದಾರು ಸಲ ಸಾಕು. ಲೈವ್‌ನಲ್ಲಿ ಟೆಲಿಪ್ರಾಂಪ್ಟರ್ ಕೈಕೊಟ್ಟಾಗಲೆಲ್ಲ ನನ್ನನ್ನು ಕಾಪಾಡಿದ್ದು ಇದೇ ಉಸಿರು. ಇನ್ನು ನಿದ್ದೆ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳೋದು ನಿದ್ದೆಯಲ್ಲಿ. ರಾತ್ರಿಯಿಡೀ ಎದ್ದು ಅಭ್ಯಾಸ ಮಾಡೋದು ಅಂದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಸರಿ, ನಾಲ್ಕೂ ಇದ್ದು ಸೋತರೆ? ಸೋಲುತ್ತೀರಿ. ಆ ದೈಗೋ ಕೂಡ ಅಷ್ಟೆಲ್ಲ ಮಾಡಿ, ಅದೇ ಟೂರ್ನಮೆಂಟಿನ ಫೈನಲ್‌ನಲ್ಲಿ ಸೋತ! ಸೋತ ತಕ್ಷಣ ಏನು ಮಾಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಗೇಮರ್‌ಗಳ ಬಾಯಲ್ಲಿ ‘ಟಿಲ್ಟ್’ ಅಂತ ಒಂದು ಪದ ಇದೆ. ಹಳೇ ಪಿನ್‌ಬಾಲ್ ಯಂತ್ರದಿಂದ ಬಂದದ್ದು. ಆಡುವವನು ಸಿಟ್ಟಿಗೆದ್ದು ಯಂತ್ರವನ್ನೇ ಅಲುಗಾಡಿಸಿದರೆ ‘ಟಿಲ್ಟ್’ ಅಂತ ದೀಪ ಹತ್ತಿ ಆಟ ನಿಂತೇ ಹೋಗುತ್ತಿತ್ತು. ಸೋತ ರೋಷದಲ್ಲಿ ‘ಇನ್ನೊಂದು, ಇನ್ನೊಂದು’ ಅಂತ ಮೂರು ಗಂಟೆ ರಾತ್ರಿಗೆ ಆಡುವ ಹುಡುಗನ ತಲೆಯಲ್ಲಿ ಆ ದೀಪ ಆಗಲೇ ಹತ್ತಿರುತ್ತೆ. ಅವನಿಗೆ ಕಾಣಲ್ಲ, ಅಷ್ಟೇ. ಸಾಲಾಗಿ ಎರಡು ಸೋತರೆ ಎದ್ದೇಳಿ. ನೀರು ಕುಡಿಯಿರಿ, ಬೀದಿಯ ಕೊನೆಯವರೆಗೂ ನಡೆದು ಬನ್ನಿ. ಮರುದಿನ ರೀಪ್ಲೇ ನೋಡಿ. ಒಂದೇ ಒಂದು ತಪ್ಪು ಹುಡುಕಿ. ಹತ್ತು ಬೇಡ, ಒಂದು ಸಾಕು.

ದಕ್ಷಿಣ ಕೊರಿಯಾದ ಇಬ್ಬರ ಕಥೆ ಹೇಳುತ್ತೇನೆ. ಸೋಲ್‌ನಲ್ಲಿ ಒಂದೇ ಹೈಸ್ಕೂಲಿನಲ್ಲಿ ಓದಿದವರು. ಒಬ್ಬ ‘ಫೇಕರ್’, ‘ಲೀಗ್ ಆಫ್ ಲೆಜೆಂಡ್ಸ್’ ಆಟದ ಮಹಾರಾಜ. ಇನ್ನೊಬ್ಬ ‘ಡೆಫ್ಟ್’, ಸುಮಾರು ಹತ್ತು ವರ್ಷ ಆಡಿಯೂ ವಿಶ್ವ ಕಿರೀಟ ಮುಟ್ಟದವನು. 2022ರಲ್ಲಿ ಡೆಫ್ಟ್‌ನ ಟೀಮ್ ಡಿಆರ್‌ಎಕ್ಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೆಳಗಿನ ಪ್ಲೇ-ಇನ್ ಸುತ್ತಿನಿಂದ ಶುರು ಮಾಡಿತು. ಮುಂದಿನ ಹಂತದಲ್ಲಿ ಒಂದು ಪಂದ್ಯ ಸೋತ ಮೇಲೆ ಅವನು ಹೇಳಿದ್ದರ ತಿರುಳು ಇಷ್ಟು: ನಾವು ನಾವೇ ಕುಸಿಯದಿದ್ದರೆ ಗೆಲ್ಲಬಹುದು. ಅದು ‘ಮನಸ್ಸು ಮುರಿಯದಿರೋದೇ ಮುಖ್ಯ’ ಎಂಬರ್ಥದ ಘೋಷವಾಕ್ಯವಾಗಿ ಹಬ್ಬಿತು. ಸ್ಯಾನ್ ಫ್ರಾನ್ಸಿಸ್ಕೋ ಫೈನಲ್‌ನಲ್ಲಿ ಡೆಫ್ಟ್ 3-2ರಲ್ಲಿ ಸೋಲಿಸಿದ್ದು ಯಾರನ್ನು? ಅದೇ ಫೇಕರ್‌ನ ಟಿ1 ಟೀಮನ್ನು! ಮುಂದಿನ ತಿಂಗಳು ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕೊರಿಯಾ ನಾಕೌಟ್ ತಲುಪಿದಾಗ, ಆಟಗಾರರು ಹಿಡಿದ ರಾಷ್ಟ್ರಧ್ವಜದ ಮೇಲೆ ಆ ವಾಕ್ಯ ಬರೆದಿತ್ತು.

ಸೋತ ಫೇಕರ್ ಏನಾದ? 2017ರ ಬೀಜಿಂಗ್ ಫೈನಲ್‌ನಲ್ಲಿ 0-3ರಿಂದ ಸೋತು ವೇದಿಕೆಯಲ್ಲೇ ಅತ್ತವನು ಅವನು. ಆಮೇಲೆ 2022ರ ಈ ಸೋಲು. 2023ರಲ್ಲಿ ತನ್ನದೇ ಊರು ಸೋಲ್‌ನಲ್ಲಿ ಗೆದ್ದ. 2024ರಲ್ಲಿ ಲಂಡನ್, 2025ರಲ್ಲಿ ಚೆಂಗ್ಡು. ಆರು ವಿಶ್ವ ಕಿರೀಟ! ಅತ್ತದ್ದಕ್ಕೂ ಧೈರ್ಯ ಇರೋದಕ್ಕೂ ವಿರೋಧ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅಪ್ಪ-ಅಮ್ಮಂದಿರೇ, ಈಗ ನಿಮಗೆ. ಎಲ್ಲ ಮಕ್ಕಳೂ ಫೇಕರ್ ಆಗಲ್ಲ. ಬಹುಪಾಲು ಮಕ್ಕಳು ಆಗಲ್ಲ. ಓದು ಬಿಟ್ಟು ಆಡು ಅಂತ ನಾನು ಹೇಳುತ್ತಿಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ, ಶಾಲೆ, ಸ್ನೇಹ ಎಲ್ಲಕ್ಕಿಂತ ಆಟವೇ ಮುಂದಾಗಿ, ನಷ್ಟ ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿ ಬಂದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಅದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕಾಗಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋದರಲ್ಲಿ ನಾಚಿಕೆ ಬೇಡ.

ಆದರೆ ಹಿಡಿತದಲ್ಲಿದ್ದು ಆಡುವ ಮಗು ಒಂದು ದಿನ ಸೋತು ಬಂದು ಮಂಕಾಗಿ ಕೂತರೆ, ‘ಮೊದಲೇ ಹೇಳಿರಲಿಲ್ವಾ’ ಅನ್ನಬೇಡಿ. ಬಂಡೂರಾ ಹೇಳಿದ ಆ ಮೂರನೇ ಮೂಲ, ನಂಬುವ ಜನರ ಮಾತು, ಅದು ನೀವೇ. ‘ಎಲ್ಲಿ ತಪ್ಪಾಯ್ತು, ನನಗೂ ತೋರಿಸು’ ಅನ್ನಿ. ಆಟ ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಸ್ಕೋರ್ ಬೇರೆ, ತಾನು ಬೇರೆ ಅಂತ ಮಗುವಿಗೆ ಅರ್ಥವಾಗುತ್ತೆ. ನಾಳೆ ಪರೀಕ್ಷೆಯ ಅಂಕ ಕಡಿಮೆಯಾದಾಗ, ಇಂಟರ್‌ವ್ಯೂನಲ್ಲಿ ‘ಹೋಗಿ ಬನ್ನಿ’ ಅಂದಾಗ, ಆ ಮಗುವನ್ನು ಎತ್ತಿ ನಿಲ್ಲಿಸೋದು ಇದೇ ತಿಳಿವಳಿಕೆ. ಗೇಮ್ ಇವತ್ತಲ್ಲ ನಾಳೆ ಹಳೆಯದಾಗುತ್ತೆ. ಈ ಧೈರ್ಯ ಹಳೆಯದಾಗಲ್ಲ.