ಮಗ್ಗುಲು ಬದಲಿಸುವ ಪಾಠ

ಅಡಿಕೆ ತೋಟಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಸುಮಾರು 40 ದಿನ ಕಳೆದು ಇನ್ನೊಮ್ಮೆ ಬೋರ್ಡೊ ದ್ರಾವಣ ಸಿಂಪಡಿಸಲೇಬೇಕು. ತಪ್ಪಿದರೆ ಕೊಳೆರೋಗ. ಎರಡನೆಯ ಸಿಂಪಡಣೆಯ ಹೊತ್ತಿಗೆ ಮರವೆಲ್ಲ ಒದ್ದೆ, ಪಾಚಿ. ಹಾಗೆ ಜಾರಿ ಬಿದ್ದವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಆಸ್ಪತ್ರೆಗಳಿಗೆ ಹೊಸಬರಲ್ಲ. ಬೆನ್ನುಹುರಿಗೆ ಪೆಟ್ಟಾದರೆ ಮಂಗಳೂರಿನ ವೆನ್ಲಾಕ್, ಅಲ್ಲಿಂದ ಮನೆ, ಆಮೇಲೆ ವರ್ಷಗಟ್ಟಲೆ ಹಾಸಿಗೆ. ಈ ದಾರಿಯ ಎರಡು ತುದಿಯಲ್ಲೂ ಬಿಳಿ ಕೋಟಿನ ಹುಡುಗಿಯೊಬ್ಬಳು ಎದುರಾಗುತ್ತಾಳೆ. ಈಚೆಗೆ ಹುಡುಗರೂ ಸಾಕಷ್ಟಿದ್ದಾರೆ. ಅವರು ನರ್ಸಿಂಗ್ ವಿದ್ಯಾರ್ಥಿಗಳು.

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು. ಮೂಡುಬಿದಿರೆಯ ಆಳ್ವಾಸ್‌ನಿಂದ ಹಿಡಿದು ದೇರಳಕಟ್ಟೆ, ಕಂಕನಾಡಿಯವರೆಗೆ ಕಾಲೇಜುಗಳಿವೆ. ಕೇರಳದಿಂದ, ಘಟ್ಟದ ಮೇಲಿನಿಂದ ಬಂದು ಸೇರಿದವರು ಬಹಳ. ಮೊದಲ ಇಂಜೆಕ್ಷನ್ ಚುಚ್ಚಿದ ದಿನವನ್ನೇ ಎಲ್ಲರೂ ದೊಡ್ಡದಾಗಿ ಹೇಳಿಕೊಳ್ಳುತ್ತಾರೆ. ನನಗೆ ಅದು ಅಷ್ಟೇನೂ ದೊಡ್ಡ ಮೈಲಿಗಲ್ಲು ಅನಿಸಿಲ್ಲ. ಕೈನಡುಕ ಅಭ್ಯಾಸದಿಂದ ಹೋಗುವಂಥದ್ದು. ಕಣ್ಣು ಪಳಗಲು ಹೆಚ್ಚು ಕಾಲ ಬೇಕು.

ಬೆಡ್‌ಸೋರನ್ನೇ, ಅಂದರೆ ಮಲಗಿದಲ್ಲೇ ಆಗುವ ಹುಣ್ಣನ್ನೇ ತೆಗೆದುಕೊಳ್ಳಿ. ಮೊದಲ ಹಂತದಲ್ಲಿ ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೂ ಕೆಂಪು ಮಾಸುವುದಿಲ್ಲ ಎಂದು ಪುಸ್ತಕದಲ್ಲಿದೆ. ಚಿತ್ರದಲ್ಲಿರುವುದು ಬಿಳಿಯರ ಬೆನ್ನು. ಬಿಸಿಲಲ್ಲಿ ದುಡಿದ ನಮ್ಮ ಕಪ್ಪು ಬೆನ್ನಿನಲ್ಲಿ ಆ ಕೆಂಪು ಕಾಣುವುದೆಲ್ಲಿ? ಬೆನ್ನಿನ ಬುಡ, ಸೊಂಟದ ಮೂಳೆ, ಹಿಮ್ಮಡಿಗಳ ಮೇಲೆ ಕೈಯಿಟ್ಟು ಸುತ್ತಲಿಗಿಂತ ಬಿಸಿಯೋ, ಗಟ್ಟಿಯೋ ಎಂದು ಮುಟ್ಟಿಯೇ ತಿಳಿಯಬೇಕು. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಕೈ ಹಿಡಿದು ತೋರಿಸುವವರೆಗೆ ಇದು ತಲೆಗೆ ಹೋಗುವುದಿಲ್ಲ.

ಇನ್ನೊಂದು ಸಂಗತಿಗೆ ಪುಸ್ತಕ ಓದಿದ್ದರೆ ಸಾಲದು, ತಕ್ಕ ಹೊತ್ತಿಗೆ ಅದು ನೆನಪಾಗಬೇಕು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರು ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತಿದೆ ಎನ್ನುತ್ತಾರೆ. ಮುಖ ಬೆವರುತ್ತದೆ, ಬಿ.ಪಿ. ಏರುತ್ತದೆ. ಹೊಸಬರು ತಲೆನೋವಿನ ಮಾತ್ರೆ ಹುಡುಕುತ್ತಾರೆ. ಪಳಗಿದವರು ಮೊದಲು ರೋಗಿಯನ್ನು ಎತ್ತಿ ಕೂರಿಸಿ, ಹೊದಿಕೆ ಸರಿಸಿ, ಮೂತ್ರದ ನಳಿಕೆ ಎಲ್ಲಾದರೂ ಮಡಚಿದೆಯೇ ಎಂದು ನೋಡುತ್ತಾರೆ. ತುಂಬಿದ ಮೂತ್ರಕೋಶವೇ ಪ್ರಾಣಕ್ಕೆ ಸಂಚಕಾರವಾಗಬಲ್ಲದು. ಅದು ಹೊಳೆದ ದಿನ ವಿದ್ಯಾರ್ಥಿನಿ ಒಂದು ವರ್ಷದಷ್ಟು ಬೆಳೆದಿರುತ್ತಾಳೆ.

ಆದರೆ ವಾರ್ಡಿನಲ್ಲಿ ಗಳಿಸಿದ ಧೈರ್ಯವೆಲ್ಲ ಹಳ್ಳಿಯ ಪೋಸ್ಟಿಂಗ್‌ನಲ್ಲಿ ಅರ್ಧಕ್ಕಿಳಿಯುತ್ತದೆ. ಕಮ್ಯುನಿಟಿ ಬ್ಯಾಗ್ ಹಿಡಿದು ಆಶಾ ಕಾರ್ಯಕರ್ತೆಯ ಹಿಂದೆ ಮನೆ ಮನೆ ಹತ್ತುವ ದಿನಗಳವು. ಮನೆಯ ಮಾತು ತುಳು ಅಥವಾ ಬ್ಯಾರಿ, ಬಂದವಳ ಮಾತು ಮಲಯಾಳಂ. ಪುಸ್ತಕದ ಲೆಕ್ಕದಲ್ಲಿ ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ವಾರ್ಡಿನಲ್ಲಿ ಇಬ್ಬರು ಸೇರಿ, ಕತ್ತು, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ ತಿರುಗಿಸುತ್ತಿದ್ದರು. ಇಲ್ಲಿರುವುದು ಹೆಂಡತಿ ಒಬ್ಬಳೇ. ಮಡಿಲಲ್ಲಿ ಬೀಡಿಯ ಗೆರಸೆ. ಸಂಜೆಯೊಳಗೆ ಕಟ್ಟಿ ಬೀಡಿ ಬ್ರಾಂಚಿಗೆ ಮುಟ್ಟಿಸದಿದ್ದರೆ ಅಕ್ಕಿಗೆ ದುಡ್ಡಿಲ್ಲ. ಗಾಳಿ ಹಾಸಿಗೆ ತನ್ನಿ ಎನ್ನೋಣವೇ? ಅದರ ಪಂಪಿಗೆ ಕರೆಂಟು ಬೇಕು, ಆಟಿಯ ಮಳೆಗೆ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ.

ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಗೆ ಹೋದವರಿಗೆ ಇನ್ನೂ ಕಠಿಣ ಪರೀಕ್ಷೆ. 1980ರ ದಶಕದ ಆರಂಭದಲ್ಲಿ ಮಂಗನಕಾಯಿಲೆಯಿಂದ ನೂರಾರು ಜನ ನರಳಿದ ಕಾಡಂಚಿನ ಊರುಗಳಿವು. ಗೇರು ತೋಟಕ್ಕಾಗಿ ಕಾಡು ಕಡಿದದ್ದಕ್ಕೂ ಆ ಕಾಯಿಲೆಗೂ ನಂಟಿತ್ತು. ಆಮೇಲೆ ಅದೇ ಗೇರಿನ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟ್ ಆ ಕೀಟನಾಶಕಕ್ಕೆ ತಡೆ ಹಾಕಿದ್ದು 2011ರಲ್ಲಿ. ಅಷ್ಟರಲ್ಲಿ ಏಳಲಾಗದ, ಮಾತಾಡಲಾಗದ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾಗಿದ್ದರು. ಅಂಥ ಮಗನನ್ನು ಇಪ್ಪತ್ತು ಮೂವತ್ತು ವರ್ಷ ಹುಣ್ಣಾಗದಂತೆ ನೋಡಿಕೊಂಡ ತಾಯಿಯ ಮುಂದೆ ಬೆಡ್‌ಸೋರ್ ತಡೆಯುವ ಬಗೆಯನ್ನು ಚಾರ್ಟ್ ಹಿಡಿದು ವಿವರಿಸಲು ಹೊರಟ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಜಾಣೆಯಾದವಳು ಚಾರ್ಟ್ ಸುತ್ತಿಟ್ಟು, "ಅಮ್ಮ, ನೀವು ಹೇಗೆ ಮಾಡ್ತೀರಿ?" ಎಂದು ಕೇಳುತ್ತಾಳೆ. ನರ್ಸಿಂಗ್ ಶಿಕ್ಷಣದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ನನಗಂತೂ ಗೊತ್ತಿಲ್ಲ, ಆದರೂ ಇದಕ್ಕೆ ಅಂಕವಿಲ್ಲ.

ಇದೇ ಕೊಕ್ಕಡದ ಸೌತಡ್ಕದಲ್ಲಿ ಕನ್ಯಾಡಿಯ ಸೇವಾಭಾರತಿಯು ಬೆನ್ನುಹುರಿ ಅಪಘಾತವಾದವರಿಗೆಂದೇ ಪುನಶ್ಚೇತನ ಕೇಂದ್ರ ನಡೆಸುತ್ತಿದೆ. ಕಾಲಿನ ಬಲವಿಲ್ಲದೆಯೂ ಬದುಕು ಕಟ್ಟಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರೆ. ಬೀಳದಂತೆ ತಡೆಯುವ ಯತ್ನಗಳೂ ಇವೆ: ನೆಲದಲ್ಲೇ ನಿಂತು ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ, ಬಂಟ್ವಾಳದ ಸಜೀಪಮೂಡದ ಗಣಪತಿ ಭಟ್ಟರು ರೂಪಿಸಿದ ಮರ ಹತ್ತುವ ಬೈಕು. ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಆಟೋಕ್ಕೆ ತುರುಕಬೇಡಿ, ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಿ ಎಂದು ತೋಟದ ಮನೆಗಳಲ್ಲಿ ಹೇಳಿಕೊಡುವ ಕೆಲಸ ಮಾತ್ರ ವಿದ್ಯಾರ್ಥಿಗಳ ಪಾಲಿನದು.

ಇನ್ನು ಆ ಬೀಡಿ ಕಟ್ಟುವ ಹೆಂಗಸಿನ ಮನೆ. ಎರಡು ಗಂಟೆಯ ನಿಯಮ ಅಲ್ಲಿ ನಡೆಯದು ಎಂದು ತಿಳಿದ ವಿದ್ಯಾರ್ಥಿನಿ ಗಡಿಯಾರ ಬಿಟ್ಟು ಮನೆಯ ದಿನಚರಿ ಹಿಡಿಯುತ್ತಾಳೆ. ಹಾಲು ಕರೆದು ಬಂದ ಮೇಲೊಂದು ಸಲ, ಮಕ್ಕಳು ಶಾಲೆಗೆ ಹೊರಟಾಗ, ಗಂಜಿಯ ಹೊತ್ತಿಗೆ, ಬ್ರಾಂಚಿಗೆ ಹೋಗುವ ಮುನ್ನ, ಸಂಜೆ ದೀಪ ಹಚ್ಚುವಾಗ, ಧಾರಾವಾಹಿ ಮುಗಿದಾಗ. ನಡುವೆ ಅಂತರ ಹೆಚ್ಚಿರುವಲ್ಲಿ ಪಕ್ಕದ ಮನೆಯ ಅಕ್ಕ ಬರಬೇಕೆಂದು ಒಪ್ಪಂದ. ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ ಯಾರೂ ಎದ್ದಿರುವುದಿಲ್ಲ. ಅದಕ್ಕೆಂದು ಹಳೆಯ ಸೀರೆ ತುಂಬಿದ ಉದ್ದನೆಯ ದಿಂಬನ್ನು ಬೆನ್ನಿಗೆ ಒತ್ತು ಕೊಟ್ಟು ಮೂವತ್ತು ಡಿಗ್ರಿಯಷ್ಟು ವಾಲಿಸಿ ಮಲಗಿಸುವುದನ್ನು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದಡಿ ಇನ್ನೊಂದು ದಿಂಬಿಡುವುದನ್ನು ಮಾಡಿ ತೋರಿಸಿ, ಬೆಳಿಗ್ಗೆ ಎದ್ದೊಡನೆ ಬೆನ್ನಿನ ಬುಡ ಮುಟ್ಟಿ ನೋಡಿ, ಬಿಸಿ ಅನಿಸಿದರೆ ಆಶಾ ಅಕ್ಕನಿಗೆ ಫೋನ್ ಮಾಡಿ ಎಂದು ಹೇಳಿ ಮುಂದಿನ ಮನೆಗೆ ಹೊರಡುತ್ತಾಳೆ.